ದಾರಿಯ ದಾಹ

ಮಾಘಮಾಸ ಮುಗಿಯುತ್ತ ಬಂದಿತೆಂದರೆ ಹಾಸನ ಜಿಲ್ಲೆಯ ಹೆದ್ದಾರಿಗೆ ಬೇರೊಂದು ಕಳೆ ಬರುತ್ತದೆ. ಮಹಾಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳವನ್ನು ಮುಟ್ಟಬೇಕೆಂಬ ಸಂಕಲ್ಪದಿಂದ ಬೆಂಗಳೂರು, ತುಮಕೂರುಗಳ ಕಡೆಯಿಂದ ಕಾಲ್ನಡಿಗೆಯಲ್ಲಿ ಹೊರಟ ಜನ ಹಿರೀಸಾವೆಯನ್ನು ಹಾದು ಚನ್ನರಾಯಪಟ್ಟಣಕ್ಕೆ ಬರುತ್ತಾರೆ. ಅಲ್ಲಿಂದ ಶಾಂತಿಗ್ರಾಮ, ಹಾಸನ. ಅನಂತರ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಕೊನೆಗೆ ಚಾರ್ಮಾಡಿಯ ಘಟ್ಟವನ್ನಿಳಿದು ಉಜಿರೆ. ಮೈಸೂರಿನ ಕಡೆಯವರು ಹೇಮಾವತಿಯ ತಟದ ಹೊಳೆನರಸೀಪುರದ ಮೇಲೆ ಬರುತ್ತಾರೆ; ಅರಕಲಗೂಡಿನ ಹಳ್ಳಿಗಳಿಂದ ಹೊರಟ ತಂಡಗಳೂ ಹಾಸನದ ದಾರಿ ಹಿಡಿಯುತ್ತವೆ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಸುಮಾರು 300 ಕಿಲೋಮೀಟರು ದೂರ. ಒಂದು ವಾರಕ್ಕೆ ಕಡಿಮೆಯಿಲ್ಲದ ನಡಿಗೆ.

ಈ ಪ್ರವಾಹದಲ್ಲಿ ಇಪ್ಪತ್ತರ ಹುಡುಗರೂ ಇರುತ್ತಾರೆ, ಎಪ್ಪತ್ತರ ಮುದುಕರೂ ಇರುತ್ತಾರೆ. ವರ್ಷವೆಲ್ಲ ಕಚೇರಿಯ ಕುರ್ಚಿಯನ್ನು ಬಿಟ್ಟು ಏಳದ ಗುಮಾಸ್ತರು, ಹೊಲದ ದುಡಿಮೆಯಲ್ಲಿ ಪಳಗಿದ ರೈತರು, ಮೊಮ್ಮಕ್ಕಳನ್ನು ಸೊಸೆಯಂದಿರ ಕೈಗೊಪ್ಪಿಸಿ ಬಂದ ಅಜ್ಜಿಯರು, ಎಲ್ಲರದೂ ಒಂದೇ ದಾರಿ. ಆ ದಾರಿಯುದ್ದಕ್ಕೂ ಊರೂರಿನವರು ಚಪ್ಪರ ಹಾಕಿ, ಹಂಡೆಗಳನ್ನಿಟ್ಟು, ಕೈಬೀಸಿ ಕರೆದು ನೀರು, ಮಜ್ಜಿಗೆ, ಪಾನಕ, ಹಣ್ಣುಗಳನ್ನು ಕೊಡುತ್ತಾರೆ. ಇಷ್ಟೊಂದು ಪಾನೀಯಗಳ ನಡುವೆ ಯಾವುದನ್ನು ಕುಡಿಯಬೇಕು, ಎಷ್ಟು ಕುಡಿಯಬೇಕು, ಯಾವುದಕ್ಕೆ ಕೈಮುಗಿದು ಮುಂದೆ ನಡೆಯಬೇಕು ಎಂಬ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ದೀರ್ಘ ನಡಿಗೆಗಳಲ್ಲೆಲ್ಲ ತಲೆಸುತ್ತಿ ಮೈಲಿಗಲ್ಲಿನ ಮೇಲೆ ಕುಳಿತವರು, ವಾಂತಿ ಮಾಡಿಕೊಂಡು ಮರದ ನೆರಳಿನಲ್ಲಿ ಒರಗಿದವರು ಕಾಣಸಿಗುವುದುಂಟು. ಅವರಲ್ಲಿ ಕೆಲವರ ಕಷ್ಟಕ್ಕಾದರೂ ಕಾರಣ ಅವರು ಕುಡಿದ, ಅಥವಾ ಕುಡಿಯದೆ ಬಿಟ್ಟ, ಲೋಟದಲ್ಲಿರುತ್ತದೆ.

ಅರವಟ್ಟಿಗೆ ಎಂಬುದು ಬಹಳ ಹಳೆಯ ಮಾತು. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ ‘ಅಱವಟ್ಟಿಗೆ’, ‘ಅಱವಂಟಿಗೆ’ ಎಂದು ಬರೆಯುತ್ತಿದ್ದರು. ಮೊದಲಿನ ‘ಅಱ’ ಎಂಬುದು ತಮಿಳಿನ ‘ಅಱಮ್’ ಎಂಬುದರ ಒಡಹುಟ್ಟು, ಧರ್ಮವೆಂದು ಅರ್ಥ. ಸಂಸ್ಕೃತದವರು ಇದನ್ನೇ ‘ಪ್ರಪಾ’ ಎಂದರು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಸತ್ರ ನಡೆಸುವುದು, ಅರವಟ್ಟಿಗೆ ಇಡುವುದು, ಇವೆಲ್ಲವನ್ನೂ ಪೂರ್ವಿಕರು ಒಂದೇ ಪಂಕ್ತಿಯ ಪುಣ್ಯಕಾರ್ಯಗಳೆಂದು ಎಣಿಸಿದ್ದರು. ಬೇಸಗೆಯಲ್ಲಿ ಬಾಯಾರಿ ಬಂದವನಿಗೆ ಬರಿಯ ನೀರು ಕೊಡದೆ, ಬೆಲ್ಲದ ಚೂರನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಕೊಡುವ ರೂಢಿ ಇಂದಿಗೂ ಹಳ್ಳಿಗಳಲ್ಲಿ ಅಳಿದಿಲ್ಲ. ಇದು ಬರಿಯ ಉಪಚಾರದ ಮಾತಲ್ಲವೆಂಬುದನ್ನು ವೈದ್ಯಶಾಸ್ತ್ರ ತಿಳಿದುಕೊಳ್ಳಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಹೂಜಿಯೂ ದೇಹವೂ

ಹಾಸನದ ಸೀಮೆ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳಷ್ಟು ಎತ್ತರದಲ್ಲಿದೆ. ಶಿವರಾತ್ರಿಯ ಹೊತ್ತಿಗೆ ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಹತ್ತು ಗಂಟೆಯ ಮೇಲೆ ಬಿಸಿಲು ಚುರುಗುಟ್ಟುತ್ತದೆ, ಬೀಸುವುದು ಒಣಗಾಳಿ. ನಡೆಯುವವರನ್ನು ಮೋಸಗೊಳಿಸುವುದು ಈ ಒಣಗಾಳಿಯೇ. ಬೆವರು ಮೈಮೇಲೆ ನಿಲ್ಲದೆ ಒಡನೊಡನೆ ಆವಿಯಾಗಿ ಹೋಗುವುದರಿಂದ, ತಮಗೆ ಬೆವರೇ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಸಂಜೆ ಅಂಗಿಯ ಬೆನ್ನಿನ ಮೇಲೆ ಮೂಡುವ ಬಿಳಿಯ ಉಪ್ಪಿನ ಗೆರೆ ಮಾತ್ರ ನಿಜವನ್ನು ಹೇಳಿಬಿಡುತ್ತದೆ.

ಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕುಳಿತ ಮಣ್ಣಿನ ಹೂಜಿಯನ್ನು ನೋಡಿದವರಿಗೆ ದೇಹದ ಈ ವ್ಯಾಪಾರವನ್ನು ವಿವರಿಸಬೇಕಾಗಿಲ್ಲ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಉಳಿದ ನೀರು ತಂಪಾಗುತ್ತದೆ. ಮನುಷ್ಯನ ಚರ್ಮವೂ ಇದನ್ನೇ ಮಾಡುತ್ತದೆ. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಗಳಷ್ಟು ಶಾಖ ದೇಹದಿಂದ ಹೊರಗೆ ಹೋಗುತ್ತದೆ. ಒರೆಸಿಹಾಕಿದ ಅಥವಾ ತೊಟ್ಟಿಕ್ಕಿಹೋದ ಬೆವರಿನಿಂದ ಆ ಲಾಭವಿಲ್ಲ. ಹೂಜಿಗೂ ದೇಹಕ್ಕೂ ಇರುವ ಭೇದ ಇಷ್ಟೆ: ಹೂಜಿ ಕಳೆದುಕೊಳ್ಳುವುದು ನೀರನ್ನು ಮಾತ್ರ, ದೇಹ ನೀರಿನೊಡನೆ ಉಪ್ಪನ್ನೂ ಕಳೆದುಕೊಳ್ಳುತ್ತದೆ.

ಬಿಸಿಲಿನಲ್ಲಿ ಹದವಾಗಿ ನಡೆಯುವ ಮನುಷ್ಯ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬೆವರಬಹುದು. ಆ ಒಂದು ಲೀಟರು ಬೆವರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿನಿಂದ ಒಂದೂವರೆ ಗ್ರಾಮಿನವರೆಗೆ ಸೋಡಿಯಂ ಇರುತ್ತದೆ. ಅಡುಗೆಯ ಉಪ್ಪಿನ ಲೆಕ್ಕದಲ್ಲಿ ಹೇಳುವುದಾದರೆ ಅದರ ಎರಡೂವರೆ ಪಾಲು. ಈ ಪ್ರಮಾಣ ಮನುಷ್ಯನಿಂದ ಮನುಷ್ಯನಿಗೆ ಬಹಳ ಬೇರೆಯಾಗುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನ ಅಂಗಿ ಬೆಳ್ಳಗಾಗುತ್ತದೆ, ಇನ್ನೊಬ್ಬನದು ಹಾಗಾಗುವುದಿಲ್ಲ. ಆದುದರಿಂದ ಎಲ್ಲರಿಗೂ ಒಂದೇ ಅಳತೆಯನ್ನು ಹೇಳುವುದು ಸಾಧ್ಯವಿಲ್ಲ. ತನ್ನ ಅಳತೆಯನ್ನು ತಾನೇ ತಿಳಿಯಬೇಕೆನ್ನುವವರಿಗೆ ಒಂದು ಸುಲಭವಾದ ಉಪಾಯವುಂಟು. ಯಾತ್ರೆಗೆ ಮುಂಚೆ ಅಭ್ಯಾಸಕ್ಕೆಂದು ನಡೆಯುತ್ತಾರಲ್ಲವೆ? ಅಂಥ ಒಂದು ದಿನ ಹೊರಡುವ ಮೊದಲು ತೂಕ ನೋಡಿಕೊಂಡು, ಎರಡು ಗಂಟೆ ನಡೆದು ಬಂದು, ಮೈಯೊರೆಸಿಕೊಂಡು ಮತ್ತೆ ತೂಕ ನೋಡಬೇಕು. ಇಳಿದ ಒಂದು ಕಿಲೋ ಎಂದರೆ ಒಂದು ಲೀಟರು. ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಿದರೆ ಆಯಿತು. ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದೆಂದು ಅರ್ಥ. ತೂಕ ಏರಿದ್ದರೆ? ಆ ಪ್ರಶ್ನೆಗೆ ಮುಂದೆ ಬರಬೇಕಾಗುತ್ತದೆ.

ಬೆಟ್ಟಕ್ಕೆ ನೀರು ಸಾಕು

ಚನ್ನರಾಯಪಟ್ಟಣ ತಾಲ್ಲೂಕಿಗೆ ಬಂದವರು ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರದೆ ಹೋಗುವುದು ಅಪರೂಪ. ಬೆಳಗೊಳವೆಂಬ ಹೆಸರೇ ನೀರಿನ ಹೆಸರು. ಎರಡು ಬೆಟ್ಟಗಳ ನಡುವಣ ಬಿಳಿಯ ಕೊಳದಿಂದ ಬಂದದ್ದು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಮಿಗಿಲಾದ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚಿನಂತಾಗುತ್ತದೆ. ಅನುಭವಸ್ಥರು ಬೆಳಗಿನಲ್ಲೇ ಏರಿ ಇಳಿದುಬಿಡುತ್ತಾರೆ. ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯ ರಂಗನಾಥನ ಬೆಟ್ಟಕ್ಕೆ ಹೋಗುವವರೂ ಹೀಗೆಯೇ.

ಇಂಥ ಒಂದೆರಡು ಗಂಟೆಗಳ ಏರಿಗೆ ಬೇಕಾದದ್ದು ಒಳ್ಳೆಯ ಕುಡಿಯುವ ನೀರು, ಅಷ್ಟೆ. ಹೊರಡುವ ಮುನ್ನ ಮನೆಯಲ್ಲಿ ತಿಂದ ಇಡ್ಲಿ, ಉಪ್ಪಿಟ್ಟಿನಲ್ಲಿರುವ ಉಪ್ಪೇ ಆ ಹೊತ್ತಿಗೆ ಧಾರಾಳವಾಯಿತು. ಬಣ್ಣದ ಸೀಸೆಗಳನ್ನು ಕೈಯಲ್ಲಿ ಹಿಡಿದು ಬೆಟ್ಟ ಹತ್ತುವ ಹುಡುಗರು ಹಣ ಕಳೆದುಕೊಳ್ಳುತ್ತಾರೆಯೇ ಹೊರತು ಬಲವನ್ನೇನೂ ಗಳಿಸುವುದಿಲ್ಲ. ಬೆಟ್ಟದ ಮೇಲೆ ಖಾಲಿ ಸೀಸೆಗಳನ್ನು ಬಿಟ್ಟು ಬರುವುದಂತೂ ಬೇರೆಯೇ ಅಪರಾಧ.

ವಿಂಧ್ಯಗಿರಿಯ ಮೇಲೆ ಗೊಮ್ಮಟನಿಗೆ ಎದುರಾಗಿ ಗುಳ್ಳಕಾಯಜ್ಜಿಯ ವಿಗ್ರಹವಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗಲಿಲ್ಲ. ಗುಳ್ಳದ ಕಾಯಿಯಲ್ಲಿ ಅಜ್ಜಿ ತಂದ ಹಾಲು ಮೂರ್ತಿಯನ್ನು ಪಾದದವರೆಗೆ ತೋಯಿಸಿತು ಎಂದು ಐತಿಹ್ಯ. ಅದು ಭಕ್ತಿಯ ಕಥೆ. ಹೊಟ್ಟೆಯ ತುಂಬ ನೀರು ತುಂಬಿಸಿಕೊಂಡು ಕುಲುಕುತ್ತ ಮೆಟ್ಟಿಲು ಹತ್ತುವವರಿಗೂ ಅದನ್ನು ಹೇಳಬಹುದೇನೋ.

ಉಪ್ಪು, ಸಕ್ಕರೆ, ನೀರು

ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರುಗಳಂತೆ ದಿನದ ಮೇಲೆ ದಿನ ನಡೆಯುವವರ ಮಾತು ಬೇರೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಅಷ್ಟೇ ದೂರ. ಏಳೆಂಟು ಗಂಟೆಗಳ ನಡಿಗೆ. ಇಲ್ಲಿ ನೀರೊಂದೇ ಸಾಲದು.

ಕರುಳು ನೀರನ್ನು ಹೀರುವ ಬಗೆಯಲ್ಲಿಯೇ ಇದರ ಗುಟ್ಟು ಇದೆ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಮ್ಮನ್ನೂ ಗ್ಲೂಕೋಸನ್ನೂ ಜೊತೆಯಾಗಿಯೇ ಒಳಕ್ಕೆ ಸಾಗಿಸುವ ಒಂದು ಏರ್ಪಾಡಿದೆ. ಅವೆರಡೂ ಒಳಹೋದಾಗ ಅವುಗಳ ಹಿಂದೆ ನೀರೂ ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು 1960ರಲ್ಲಿ ಸೂಚಿಸಿದರು. ಅದು ಎಷ್ಟು ದೊಡ್ಡ ಮಾತೆಂಬುದು ಲೋಕಕ್ಕೆ ತಿಳಿದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನೆಯ ಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ಲವಣಜಲ ಮುಗಿದುಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ 1978ರಲ್ಲಿ ಇದನ್ನು ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆಯಾಗಿರಬಹುದೆಂದು ಕೊಂಡಾಡಿತು. ಡಾಕ್ಟರ್ ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು.

ಔಷಧದ ಅಂಗಡಿಯಲ್ಲಿ ಇಂದು ಓಆರ್‌ಎಸ್ ಎಂಬ ಹೆಸರಿನಲ್ಲಿ ಸಿಕ್ಕುವ ಪೊಟ್ಟಣ ಈ ಕುಲದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, 2.9 ಗ್ರಾಂ ಸೋಡಿಯಂ ಸಿಟ್ರೇಟು. ಇದು ಭೇದಿಯಿಂದ ಬಳಲಿದವರ ಔಷಧ. ಆರೋಗ್ಯವಾಗಿ ನಡೆಯುವವರು ದಿನವೆಲ್ಲ ಇದನ್ನೇ ಕುಡಿಯಬೇಕಾಗಿಲ್ಲ. ಚೀಲದಲ್ಲಿ ಎರಡು ಪೊಟ್ಟಣಗಳಿದ್ದರೆ ಆಪತ್ತಿಗೆ ಆದೀತು. ಸಿಹಿ ಹೆಚ್ಚಾಗಿದ್ದ ಕೆಲವು ಪಾನೀಯಗಳು ಇದೇ ಹೆಸರನ್ನು ಹಚ್ಚಿಕೊಂಡು ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು. ಕೊಳ್ಳುವಾಗ ಪೊಟ್ಟಣದ ಮೇಲಿನ ಸೂತ್ರವನ್ನು ಓದುವುದು ಒಳ್ಳೆಯದು.

ಅಮೆರಿಕದಲ್ಲಿ 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಡಾಕ್ಟರ್ ರಾಬರ್ಟ್ ಕೇಡ್ ಅವರೂ ಸಂಗಡಿಗರೂ ಅಲ್ಲಿನ ಫುಟ್ಬಾಲ್ ಆಟಗಾರರಿಗಾಗಿ ಉಪ್ಪು, ಸಕ್ಕರೆಗಳನ್ನು ನೀರಿಗೆ ಬೆರೆಸಿ ಒಂದು ಪಾನೀಯ ಮಾಡಿದರು. ಬಾಯಲ್ಲಿಡಲು ಆಗುತ್ತಿರಲಿಲ್ಲವಂತೆ. ನಿಂಬೆಯ ರಸ ಹಿಂಡಿ ನೋಡಿರೆಂದು ಹೇಳಿದವರು ಕೇಡ್ ಅವರ ಪತ್ನಿ. ಗೇಟೊರೇಡ್ ಎಂಬ ಹೆಸರಿನಿಂದ ಅದು ಜಗತ್ತನ್ನೆಲ್ಲ ಸುತ್ತಿತು. ಅರಕಲಗೂಡಿನ ಯಾವ ಗೃಹಿಣಿಗೆ ಹೇಳಿದರೂ, ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕಕ್ಕೆ ಇಷ್ಟು ದೊಡ್ಡ ಹೆಸರೇ ಎಂದು ನಕ್ಕಾಳು.

ಹಂಡೆಗಳ ಪರೀಕ್ಷೆ

ಹಾಗಾದರೆ ಅರವಟ್ಟಿಗೆಯ ಹಂಡೆಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ? ನಿಸ್ಸಂದೇಹವಾಗಿ ನೀರುಮಜ್ಜಿಗೆಗೆ. ನೀರು, ಉಪ್ಪು, ಸ್ವಲ್ಪ ಹಾಲಿನ ಸಕ್ಕರೆ, ಪೊಟ್ಯಾಸಿಯಂ ಎಲ್ಲವೂ ಅದರಲ್ಲಿ ಹಿತವಾಗಿ ಕೂಡಿವೆ. ಒಂದು ಪಾಲು ಗಟ್ಟಿ ಮೊಸರಿಗೆ ನಾಲ್ಕು ಪಾಲು ನೀರು; ಲೀಟರಿಗೆ ಅರ್ಧ ಟೀ ಚಮಚ ಉಪ್ಪು; ಶುಂಠಿ, ಕರಿಬೇವು ಅವರವರ ರುಚಿ. ಇಷ್ಟು ಉಪ್ಪಿನಿಂದ ಸೋಡಿಯಂ ಬೆವರಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಎರಡು ಎಚ್ಚರಿಕೆಗಳುಂಟು. ಮೊಸರು ಎಷ್ಟೇ ಒಳ್ಳೆಯದಿದ್ದರೂ ಬೆರೆಸಿದ ನೀರು ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಕುದಿಸಿ ಆರಿಸಿದ ನೀರೇ ಆಗಬೇಕು. ಮತ್ತು ಹುಳಿಯಾದ ಯಾವುದನ್ನೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದು. ಕಿಲುಬು ಇಳಿದು ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ತಾಮ್ರದ ಸೀಸೆಯಲ್ಲಿ ನೀರು ಕೊಂಡೊಯ್ಯುವುದು ಈಚೆಗೆ ರೂಢಿಯಾಗಿದೆ. ಅದರೊಳಗೆ ಮಜ್ಜಿಗೆಯನ್ನಾಗಲಿ ನಿಂಬೆಯ ಶರಬತ್ತನ್ನಾಗಲಿ ತುಂಬುವ ಅವಿವೇಕಕ್ಕೆ ಯಾರೂ ಇಳಿಯಬಾರದು.

ಮಜ್ಜಿಗೆಯ ಸೋದರಿಯೆಂದರೆ ರಾಗಿಯ ಅಂಬಲಿ. ಅರಕಲಗೂಡು, ಹೊಳೆನರಸೀಪುರಗಳ ರೈತರು ಹೊಲಕ್ಕೆ ಹೋಗುವಾಗ ಉಪ್ಪು, ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಕುಡಿದು ಹೋಗುವುದು ಹಿಂದಿನಿಂದ ಬಂದ ವಾಡಿಕೆ. ರಾಗಿಯ ಪಿಷ್ಟ ಕರುಳಿನಲ್ಲಿ ಮೆಲ್ಲಮೆಲ್ಲನೆ ಗ್ಲೂಕೋಸಾಗಿ ಒಡೆಯುವುದರಿಂದ, ಸಕ್ಕರೆ ಒಮ್ಮೆಗೇ ರಕ್ತಕ್ಕೆ ನುಗ್ಗುವುದಿಲ್ಲ, ಹಸಿವೆಯೂ ಅಡಗುತ್ತದೆ. ಪಟ್ಟಣದವರು ಇದನ್ನು ಈಗೀಗ ಸಿರಿಧಾನ್ಯದ ಹೆಸರಿನಲ್ಲಿ ಹೊಸದಾಗಿ ಕಂಡುಕೊಂಡಂತೆ ಆಡುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹೊರಡುವವರಿಗೆ ಒಂದು ಚೊಂಬು ತೆಳುವಾದ ಅಂಬಲಿಗಿಂತ ಉತ್ತಮವಾದ ಪ್ರಾರಂಭ ಸಿಕ್ಕುವುದು ಕಷ್ಟ.

ಪಾನಕದ ಮಾತು ಸ್ವಲ್ಪ ಸೂಕ್ಷ್ಮವಾದುದು. ಶ್ರೀರಾಮನವಮಿಯ ಪಾನಕ ಯಾರಿಗೆ ಪ್ರಿಯವಲ್ಲ? ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ, ಮೆಣಸು ಇವುಗಳ ಸಂಯೋಗವೇ ಬಳಲಿದವನಿಗೆ ಜೀವ ತರುತ್ತದೆ. ಆದರೆ ಕೊಡುವವರು ಪ್ರೀತಿಯಿಂದ ಬೆಲ್ಲವನ್ನು ಹೆಚ್ಚು ಹಾಕುತ್ತಾರೆ. ಲೀಟರಿಗೆ ನೂರು ಗ್ರಾಂ ಬೆಲ್ಲ ಬಿದ್ದರೆ ಪಾನೀಯ ನೂರಕ್ಕೆ ಹತ್ತರಷ್ಟು ಸಿಹಿಯಾಯಿತು. ನೂರಕ್ಕೆ ಎಂಟನ್ನು ಮೀರಿದ ಸಿಹಿನೀರು ಜಠರದಿಂದ ಕೆಳಗಿಳಿಯುವುದು ನಿಧಾನ. ಹೊಟ್ಟೆ ಭಾರವಾಗಿ, ನಡೆಯುವವನಿಗೆ ಓಕರಿಕೆ ಬರುತ್ತದೆ. ಐವತ್ತು ಗ್ರಾಂ ಬೆಲ್ಲ, ಒಂದು ದೊಡ್ಡ ಚಿಟಿಕೆ ಉಪ್ಪು: ಇದು ನಡೆಯುವವರ ಪಾನಕ. ಕಬ್ಬಿನ ಹಾಲು ಇದಕ್ಕಿಂತಲೂ ಗಾಢ. ಅದಕ್ಕೆ ಬೆರೆಸುವ ಮಂಜುಗಡ್ಡೆ ಯಾವ ನೀರಿನದೆಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಬಣ್ಣದ ಸೋಡಾಗಳದೂ ಸುಮಾರು ಹತ್ತರ ಸಿಹಿಯೇ, ಉಪ್ಪು ಇಲ್ಲವೆಂಬಷ್ಟು ಕಡಿಮೆ.

ಎಳನೀರಿನ ಬಗೆಗೆ ಚನ್ನರಾಯಪಟ್ಟಣದ ತೆಂಗಿನ ತೋಟಗಳ ನಡುವೆ ನಿಂತು ಅನುಮಾನದ ಮಾತಾಡುವುದು ಸಾಹಸವೇ ಸರಿ. ಅದು ಶುದ್ಧ, ಪ್ರಕೃತಿಯೇ ಮುಚ್ಚಿಟ್ಟ ಪಾತ್ರೆ. ಆದರೆ ಎಳನೀರಿನಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೇರಳವಾಗಿ ಹೋಗುವುದು ಸೋಡಿಯಂ. ಎಳನೀರನ್ನೇ ನಂಬಿ ದಿನವೆಲ್ಲ ನಡೆಯುವವನ ಉಪ್ಪಿನ ಸಾಲ ತೀರುವುದಿಲ್ಲ. ಜೊತೆಗೆ ಉಪ್ಪು ಹಚ್ಚಿದ ಕಡಲೆಕಾಯಿಯೋ ಕೋಸಂಬರಿಯೋ ಇದ್ದರೆ ಆ ಕೊರತೆ ತುಂಬುತ್ತದೆ.

ಇನ್ನು ಕಾಫಿ. ಬೇಲೂರು, ಮೂಡಿಗೆರೆಯ ಕಾಫಿ ತೋಟಗಳ ನಡುವೆ ನಡೆಯುವವರಿಗೆ ಅದನ್ನು ಬಿಡಿರೆಂದು ಹೇಳುವ ಕ್ರೌರ್ಯ ಅನವಶ್ಯಕ. ಕಾಫಿ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆಂಬ ಹೆದರಿಕೆ ಅತಿಶಯವಾದುದು. 2016ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಹಲವು ಪಾನೀಯಗಳನ್ನು ಕುಡಿಸಿ, ಅನಂತರ ಕೆಲವು ಗಂಟೆಗಳಲ್ಲಿ ಹೊರಹೋದ ಮೂತ್ರವನ್ನು ಅಳೆದರು. ಕಾಫಿ, ಟೀಗಳು ನೀರಿಗಿಂತ ಬೇರೆಯಾಗಿ ವರ್ತಿಸಲಿಲ್ಲ. ಹಾಲು ಮತ್ತು ಓಆರ್‌ಎಸ್ ದ್ರಾವಣ ನೀರಿಗಿಂತ ಹೆಚ್ಚು ಕಾಲ ದೇಹದಲ್ಲಿ ನಿಂತವು. ರಾತ್ರಿ ತಂಗುವ ಕಡೆ ಒಂದು ಲೋಟ ಹಾಲು ಕುಡಿಯುವ ಹಳೆಯ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಡ. ಮದ್ಯದ ಮಾತು ಇಲ್ಲಿ ಏಳುವುದೇ ಇಲ್ಲ.

ಕುಡಿಯದವರು, ಹೆಚ್ಚು ಕುಡಿದವರು

ತೂಕ ಏರಿದರೆ ಏನು ಎಂಬ ಪ್ರಶ್ನೆ ಉಳಿದಿದೆ. ನೀರನ್ನು ಎಷ್ಟು ಕುಡಿದರೂ ಒಳ್ಳೆಯದೇ ಎಂಬ ನಂಬಿಕೆ ಬಹಳ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆಯಾಗಿದ್ದಿತು. ಅವರಲ್ಲಿ ಮುಖ್ಯವಾಗಿ ಕಂಡ ಲಕ್ಷಣ, ಓಟದ ಅವಧಿಯಲ್ಲಿ ತೂಕ ಏರಿದ್ದುದು. ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದರು. ರಕ್ತದ ಉಪ್ಪು ತೆಳುವಾಗಿತ್ತು. ಹೀಗಾದಾಗ ಮಿದುಳಿನ ಜೀವಕೋಶಗಳು ನೀರು ಹೀರಿ ಉಬ್ಬುತ್ತವೆ. ತಲೆನೋವು, ವಾಂತಿ, ಮಂಕು, ಕೊನೆಗೆ ಸೆಳವು, ಪ್ರಾಣಕ್ಕೂ ಅಪಾಯ.

ಇಲ್ಲಿರುವ ದೊಡ್ಡ ತೊಡಕೆಂದರೆ ನೀರು ಸಾಲದವನಿಗೂ ತಲೆನೋವು, ಓಕರಿಕೆಗಳೇ ಬರುತ್ತವೆ. ನೋಡಿದವರು ಕನಿಕರದಿಂದ ಇಬ್ಬರಿಗೂ ನೀರನ್ನೇ ಕುಡಿಸುತ್ತಾರೆ. ಭೇದವನ್ನು ತಿಳಿಯಲು ಕೇಳಬೇಕಾದ ಪ್ರಶ್ನೆಗಳು ಸುಲಭವಾಗಿವೆ. ಬಾಯಿ ಒಣಗಿದೆಯೆ? ಮೂತ್ರ ಕಡಿಮೆಯಾಗಿ ಕಡುಹಳದಿಯಾಗಿದೆಯೆ? ಹಾಗಿದ್ದರೆ ನೀರು ಸಾಲದು. ಮೂತ್ರ ತಿಳಿನೀರಿನಂತೆ ಪದೇ ಪದೇ ಹೋಗುತ್ತಿದೆಯೆ? ದಾರಿಯುದ್ದಕ್ಕೂ ದಾಹವಿಲ್ಲದಿದ್ದರೂ ಕುಡಿದಿದ್ದಾರೆಯೆ? ಹೊಟ್ಟೆ ಉಬ್ಬರಿಸಿ, ಕೈಬೆರಳು ಊದಿ, ಉಂಗುರ ಬಿಗಿಯಾಗಿದೆಯೆ? ಹಾಗಿದ್ದರೆ ಬರಿಯ ನೀರನ್ನು ನಿಲ್ಲಿಸಿ ಉಪ್ಪಿನ ತಿಂಡಿಯನ್ನು ಕೊಡಬೇಕು. ಮಾತು ತಡವರಿಸಿದರೆ, ಗುರುತು ತಪ್ಪಿದರೆ ಯಾವ ಮನೆಮದ್ದಿಗೂ ಕೈಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮೈ ಸುಡುತ್ತಿದ್ದರೆ ನೆರಳಿಗೆ ತಂದು ಮೈಗೆಲ್ಲ ನೀರೆರಚಿ ಗಾಳಿ ಬೀಸುತ್ತ ವಾಹನಕ್ಕಾಗಿ ಕಾಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಹನಿ ನೀರನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದೀತು.

ದಾಹಕ್ಕೆ ತಕ್ಕಂತೆ, ಗಂಟೆಗೆ ಎರಡು ಮೂರು ಲೋಟ, ಗುಟುಕು ಗುಟುಕಾಗಿ ಕುಡಿಯುವುದೇ ಬಹುಮಂದಿಗೆ ಸರಿಯಾದ ಮಾರ್ಗ. ಮುದುಕರಿಗೆ ಮಾತ್ರ ಇದು ಪೂರ್ತಿ ಒಪ್ಪುವುದಿಲ್ಲ. ವಯಸ್ಸಾದಂತೆ ದಾಹದ ಸೂಚನೆ ಮಂದವಾಗುತ್ತದೆ. ಅವರಿಗೆ ಜೊತೆಯಲ್ಲಿರುವ ಕಿರಿಯರು ನೆನಪು ಮಾಡಿ ಕೊಡಬೇಕು.

ಸಕ್ಕರೆ ಕಾಯಿಲೆಯವರ ಕಷ್ಟ ಅರವಟ್ಟಿಗೆಯ ಔದಾರ್ಯದಿಂದಲೇ ಹುಟ್ಟುತ್ತದೆ. ಇನ್ನೂರು ಮಿಲಿಲೀಟರಿನ ಒಂದು ಲೋಟ ಗಾಢ ಪಾನಕದಲ್ಲಿ ಇಪ್ಪತ್ತು ಗ್ರಾಂ ಬೆಲ್ಲ. ದಿನಕ್ಕೆ ಹತ್ತು ಚಪ್ಪರಗಳಲ್ಲಿ ದಾಕ್ಷಿಣ್ಯಕ್ಕೆ ಕುಡಿದರೆ ಇನ್ನೂರು ಗ್ರಾಂ! ಪ್ರಸಾದವೆಂದು ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ ಎಂದು ಅವರು ಸಂಕೋಚಪಡುತ್ತಾರೆ. ಒಂದು ಗುಟುಕು ಕಣ್ಣಿಗೊತ್ತಿಕೊಂಡು ಉಳಿದುದನ್ನು ಜೊತೆಯವರಿಗೆ ಕೊಟ್ಟರೆ ಯಾವ ದೇವರೂ ಮುನಿಯಲಾರನು. ಇದರ ವಿರುದ್ಧದ ಅಪಾಯವೂ ಇದೆ: ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು, ಉಪವಾಸವಿದ್ದು, ದಿನವೆಲ್ಲ ನಡೆದರೆ ರಕ್ತದ ಸಕ್ಕರೆ ಒಮ್ಮೆಗೇ ಕುಸಿಯಬಹುದು. ಅಂಥವರ ಜೇಬಿನಲ್ಲಿ ನಾಲ್ಕು ಚೂರು ಬೆಲ್ಲ ಇರಲೇಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಹೃದಯದ ತೊಂದರೆಯವರು, ಮೂತ್ರಪಿಂಡ ದುರ್ಬಲವಾದವರು ಉಪ್ಪನ್ನಾಗಲಿ ಎಳನೀರನ್ನಾಗಲಿ ಎಷ್ಟು ತೆಗೆದುಕೊಳ್ಳಬಹುದೆಂಬುದನ್ನು ಹೊರಡುವ ವಾರಕ್ಕೆ ಮೊದಲೇ ತಮ್ಮ ವೈದ್ಯರಲ್ಲಿ ಕೇಳಿ ಬರಬೇಕು. ಮೂತ್ರಪಿಂಡದ ರೋಗಿಗೆ ಎಳನೀರಿನ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸುವಷ್ಟು ಅಪಾಯಕಾರಿಯಾಗಬಹುದು.

ಹೆಂಗಸರ ಕಷ್ಟವೇ ಬೇರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಂಡೆ ತುಂಬ ಮಜ್ಜಿಗೆಯಿದ್ದರೂ ಅವರು ಅರ್ಧ ಲೋಟ ಕುಡಿದು ಸಾಕೆನ್ನುತ್ತಾರೆ. ದಾಹವಿಲ್ಲವೆಂದಲ್ಲ. ಮುಂದಿನ ಎಂಟು ಹತ್ತು ಕಿಲೋಮೀಟರುಗಳಲ್ಲಿ ಮರೆಯಾದ, ಶುಚಿಯಾದ ಒಂದು ಸ್ಥಳ ಸಿಕ್ಕುತ್ತದೆಯೋ ಇಲ್ಲವೋ ಎಂಬ ಭಯ. ಹೀಗೆ ದಿನಗಟ್ಟಲೆ ನೀರನ್ನು ತಡೆದವರಿಗೆ ಮೂತ್ರದ ಉರಿ, ಸೋಂಕು, ಜ್ವರ ಬರುವುದು ಸಾಮಾನ್ಯ. ಅರವಟ್ಟಿಗೆ ಇಡುವ ಉದಾರಿಗಳು ಎರಡು ಹಂಡೆ ಪಾನಕವನ್ನು ಕಡಿಮೆ ಮಾಡಿ, ಆ ಹಣದಲ್ಲಿ ತಟ್ಟಿ ಕಟ್ಟಿ, ನೀರಿಟ್ಟು, ದೀಪವಿಟ್ಟು ಒಂದು ಶೌಚಸ್ಥಳವನ್ನು ಏರ್ಪಡಿಸಿದರೆ, ಮಜ್ಜಿಗೆ ತಾನಾಗಿಯೇ ಖರ್ಚಾಗುತ್ತದೆ.

ಕೊಟ್ಟಿಗೆಹಾರವನ್ನು ದಾಟುವವರೆಗೆ ನಡೆಯುವವನ ಲೆಕ್ಕಾಚಾರ ಒಂದು ಬಗೆಯಾದರೆ, ಚಾರ್ಮಾಡಿಯ ತಿರುವುಗಳಲ್ಲಿ ಇಳಿಯತೊಡಗಿದ ಮೇಲೆ ಮತ್ತೊಂದು ಬಗೆ. ಕೊಟ್ಟಿಗೆಹಾರದ ನೀರುದೋಸೆಯನ್ನು ಚಟ್ನಿಯೊಡನೆ ತಿಂದು ಹೊರಟವರು ಉಪ್ಪಿನ ಮಟ್ಟಿಗೆ ಪುಣ್ಯವಂತರು. ಘಟ್ಟದ ಝರಿಗಳು ಬೆಳ್ಳಿಯಂತೆ ಹೊಳೆಯುತ್ತವೆ. ಆದರೆ ಮೇಲೆ ಸಾವಿರಾರು ಜನ ನಡೆದುಹೋದ ದಾರಿಯ ಕೆಳಗಿನ ಝರಿ ಅದು. ನೋಡಿ ಸಂತೋಷಪಡಬಹುದು, ಮುಖ ತೊಳೆಯಬಹುದು; ಕುದಿಸದೆಯೋ ಕ್ಲೋರಿನ್ ಮಾತ್ರೆ ಹಾಕದೆಯೋ ಕುಡಿಯಬಾರದು. ಕೆಳಗಿಳಿದಂತೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಹಾಸನದಲ್ಲಿ ಕಾಣದೆ ಆರಿಹೋಗುತ್ತಿದ್ದ ಬೆವರು ಇಲ್ಲಿ ಹಣೆಯಿಂದ ತೊಟ್ಟಿಕ್ಕುತ್ತದೆ. ಮೈ ಮಾತ್ರ ತಂಪಾಗುವುದಿಲ್ಲ. ಆರು ದಿನ ಗಟ್ಟಿಯಾಗಿ ನಡೆದ ಯುವಕರೂ ಏಳನೆಯ ದಿನ ಇಲ್ಲಿ ಬಳಲುವುದಕ್ಕೆ ಇದೇ ಕಾರಣ. ಅಲ್ಲಿ ಹೆಚ್ಚು ಕುಡಿದು ನಿಭಾಯಿಸುವೆನೆಂಬ ಹಟಕ್ಕಿಂತ ನಡಿಗೆಯನ್ನು ನಿಧಾನಿಸಿ, ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ತಂಗಿ, ತಲೆಗೂ ಕತ್ತಿಗೂ ಒದ್ದೆ ಬಟ್ಟೆ ಹಾಕಿಕೊಳ್ಳುವುದು ಲೇಸು.

ಧರ್ಮಸ್ಥಳವನ್ನು ಮುಟ್ಟಿ, ನೇತ್ರಾವತಿಯಲ್ಲಿ ಮಿಂದು, ಕೆಲವರು ಅಂದಿನ ಉಪವಾಸ ಜಾಗರಣೆಗಳನ್ನೂ ನಡೆಸುತ್ತಾರೆ. ನೀರನ್ನೂ ಬಿಟ್ಟು ಉಪವಾಸವಿರುವುದು ಅಷ್ಟು ದೂರ ನಡೆದು ಬಂದ ದೇಹಕ್ಕೆ ಸಲ್ಲದು. ಹಾಲು, ಎಳನೀರು, ಹಣ್ಣುಗಳಿಗೆ ಉಪವಾಸದಲ್ಲಿ ಅವಕಾಶವಿದ್ದೇ ಇದೆ. ಕಳೆದ ನೀರೂ ಉಪ್ಪೂ ಪೂರ್ತಿಯಾಗಿ ತುಂಬಲು ಮರುದಿನದವರೆಗೆ ಸಾವಕಾಶ ಬೇಕು. ಮರುದಿನ ಅನ್ನಪೂರ್ಣ ಛತ್ರದ ಪಂಕ್ತಿಯಲ್ಲಿ ಕುಳಿತವರ ಮುಂದೆ ಅನ್ನ, ಸಾರು, ಕೊನೆಗೆ ಮಜ್ಜಿಗೆ ಬರುತ್ತವೆ. ಅದನ್ನು ಎರಡನೆಯ ಸಲವೂ ಬಡಿಸಿಕೊಳ್ಳಬಹುದು.